ವರ್ಗ, ಗೇಣಿ, ಕುಮ್ಕಿ: ಕಾಸರಗೋಡಿನ ನೆಲದ ಒಡೆತನದ ಇತಿಹಾಸ

ಗಡಿನಾಡಿನ ಕನ್ನಡ ಸಂಘವೊಂದರ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ನುಡಿಯ ವಿಚಾರ, ಶಾಲೆಯ ವಿಚಾರ, ಯಕ್ಷಗಾನ ತಾಳಮದ್ದಳೆಗಳ ವಿಚಾರ ಬರುವುದು ವಾಡಿಕೆ. ನಾವು ಈ ಸಲ ನೆಲದ ವಿಚಾರವನ್ನು ಎತ್ತಿಕೊಂಡಿರುವೆವು. ನುಡಿಯು ಗಾಳಿಯಲ್ಲಿ ನಿಲ್ಲುವಂತಹದಲ್ಲ. ಅದನ್ನು ಆಡುವ ಮನೆಯೊಂದು ಬೇಕು, ಆ ಮನೆಗೆ ಅಂಗಳವೊಂದು ಬೇಕು, ಅಂಗಳದಾಚೆ ಅನ್ನ ಕೊಡುವ ಗದ್ದೆಯೋ ತೋಟವೋ ಬೇಕು. ಕಾಸರಗೋಡಿನ ಕನ್ನಡಿಗರ ಬಾಳು ಕಳೆದ ಇನ್ನೂರು ವರ್ಷಗಳಲ್ಲಿ ಪಡೆದ ಏರಿಳಿತಗಳಲ್ಲಿ ಅರ್ಧಪಾಲನ್ನಾದರೂ ಅವರ ಭೂಮಿಯ ಕಾಗದಗಳಲ್ಲಿಯೇ ಓದಬಹುದು. ನಮ್ಮ ಹಲವರ ಮನೆಗಳ ಅಟ್ಟದ ಮೇಲೆ ಹಳೆಯ ಮರದ ಪೆಟ್ಟಿಗೆಯೊಂದು ಇಂದಿಗೂ ಇದೆ. ಅದರೊಳಗಿನ ಗೇಣಿ ಚೀಟುಗಳನ್ನೂ ತೀರ್ವೆಯ ರಸೀದಿಗಳನ್ನೂ ಬಿಡಿಸಿ ನೋಡುವ ವ್ಯವಧಾನ ಮಾತ್ರ ನಮ್ಮಲ್ಲಿ ಕಡಿಮೆಯಾಗಿದೆ.

ಮೊದಲು ನಾಡಿನ ರೂಪವನ್ನು ನೆನೆಯೋಣ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಪ್ರದೇಶವು ಬಯಲುಸೀಮೆಯಂತೆ ಸಮತಲವಲ್ಲ. ಮುರಕಲ್ಲಿನ ಗುಡ್ಡಗಳು, ಅವುಗಳ ನೆತ್ತಿಯಲ್ಲಿ ಮುಳಿಹುಲ್ಲು ಬೆಳೆಯುವ ಪದವುಗಳು, ಗುಡ್ಡದ ಇಳಿಜಾರಿನಲ್ಲಿ ಕಾಡು, ಬುಡದಲ್ಲಿ ಅಡಿಕೆಯ ತೋಟ, ತೀರ ಕೆಳಗೆ ತೋಡಿನ ಎರಡು ಮಗ್ಗುಲಿಗೂ ಚಾಚಿಕೊಂಡ ಗದ್ದೆಗಳು: ಇದು ಇಲ್ಲಿನ ಕ್ರಮ. ಗದ್ದೆಗಳಲ್ಲಿಯೂ ಮೂರು ಬಗೆ. ನೀರು ಬತ್ತದ ತಗ್ಗಿನದು ಬೈಲು. ಅದಕ್ಕಿಂತ ಎತ್ತರದ್ದು ಮಜಲು. ಮಳೆಯ ನೀರನ್ನೇ ನೆಚ್ಚಿದ ಮೇಲಿನದು ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲುದು ಬೈಲು. ಬೆಟ್ಟಿಗೆ ಏಣೆಲೊಂದೇ ಗತಿ. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ನೀರಿನ ಒರತೆಯನ್ನು ಅಂಗಳಕ್ಕೆ ಹರಿಸುವ ಸುರಂಗ, ಮಳೆಗಾಲ ಕಳೆದೊಡನೆ ತೋಡಿಗೆ ಊರವರು ಕೂಡಿ ಹಾಕುವ ಕಟ್ಟ, ಎತ್ತರದಲ್ಲಿ ನೀರನ್ನು ತಡೆದಿಡುವ ಮದಕ, ಇವೆಲ್ಲ ಈ ರೂಪಕ್ಕೆ ತಕ್ಕಂತೆ ನಮ್ಮ ಹಿರಿಯರು ಕಂಡುಕೊಂಡ ಉಪಾಯಗಳು.

ಇಲ್ಲಿನ ಭೂಮಿಯ ಒಡೆತನವೂ ಈ ರೂಪವನ್ನೇ ಅನುಸರಿಸಿತ್ತು. ಒಬ್ಬನ ಹೆಸರಿನಲ್ಲಿ ಕಂದಾಯದ ಲೆಕ್ಕಕ್ಕೆ ಸೇರಿದ ಹಿಡುವಳಿಗೆ 'ವರ್ಗ'ವೆಂದೂ, ಹಿಡಿದವನಿಗೆ 'ವರ್ಗದಾರ'ನೆಂದೂ ಹೆಸರು. ಒಂದು ವರ್ಗದಲ್ಲಿ ಬೈಲಿನ ಕೆಲವು ಗದ್ದೆ, ಬೆಟ್ಟಿನ ಕೆಲವು ಗದ್ದೆ, ತೋಟದ ಒಂದು ತುಂಡು, ಮನೆಯ ಹಿತ್ತಿಲು ಎಲ್ಲವೂ ಕೂಡಿರುತ್ತಿದ್ದವು. ಆದರೆ ಗದ್ದೆಗೆ ಗೊಬ್ಬರ ಬೇಕು. ಗೊಬ್ಬರಕ್ಕೆ ಹಟ್ಟಿ ಬೇಕು. ಹಟ್ಟಿಗೆ ಹಾಸಲು ಸೊಪ್ಪು, ದನಗಳಿಗೆ ಮೇವು ಬೇಕು. ಈ ಅಗತ್ಯದಿಂದಲೇ 'ಕುಮ್ಕಿ' ಎಂಬ ಹಕ್ಕು ನೆಲೆನಿಂತಿತು. ಹಳೆಯ, ಅಂದರೆ ಕದೀಂ ವರ್ಗದ ಸಾಗುವಳಿ ಭೂಮಿಯ ಅಂಚಿನಿಂದ 100 ಗಜದೊಳಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ, ಕೃಷಿಯ ಉಪಕರಣಗಳಿಗೆ ಬೇಕಾದ ಮರ ಇವನ್ನು ತೀರ್ವೆಯಿಲ್ಲದೆ ಪಡೆಯುವ ಅನುಕೂಲವೇ ಕುಮ್ಕಿ. ನೆಲ ಸರಕಾರದ್ದು, ನೆರಳು ರೈತನದು ಎಂದರೆ ಅದರ ತಿರುಳನ್ನು ಹೇಳಿದಂತಾಯಿತು. ಕಾನೆ, ಬಾಣೆ, ಹಾಡಿ ಎಂಬ ಹೆಸರುಗಳೂ ಇಂತಹ ಹಕ್ಕುಗಳಿಗೆ ಸಂಬಂಧಿಸಿದವೇ. ಗುಡ್ಡ ಬೋಳಾದರೆ ಗದ್ದೆ ಬಡವಾಗುವುದೆಂಬುದನ್ನು ಯಾವ ಕಾನೂನೂ ಹೇಳಿಕೊಡುವ ಮೊದಲೇ ನಮ್ಮ ರೈತನು ತಿಳಿದಿದ್ದನು.

ಅರಸೊತ್ತಿಗೆಗಳ ಕಾಲದ ಕಂದಾಯದ ಕತೆ ದೀರ್ಘವಾದುದು. ವಿಜಯನಗರದ ಆರಂಭಕಾಲದಲ್ಲಿ ಬೆಳೆಯ ಅರ್ಧವು ಉಳುವವನಿಗೆ, ಕಾಲುಪಾಲು ಭೂಮಿಯ ಒಡೆಯನಿಗೆ, ಆರನೆಯ ಒಂದು ಪಾಲು ಅರಸನಿಗೆ, ಉಳಿದುದು ದೇವಸ್ಥಾನಗಳಿಗೂ ಬ್ರಾಹ್ಮಣರಿಗೂ ಸಲ್ಲುತ್ತಿತ್ತೆಂಬ ಪರಂಪರೆಯ ಮಾತೊಂದು ಕೆನರಾದಲ್ಲಿ ಬಳಕೆಯಲ್ಲಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯ ಗುಣವನ್ನು ನೋಡಿ ನಿಗದಿಪಡಿಸಿದ ತೆರಿಗೆಗೆ 'ಶಿಸ್ತು' ಎಂಬ ಹೆಸರು ಉಳಿಯಿತು. ಬೇಕಲದ ಕೋಟೆಯು ಇಕ್ಕೇರಿಯ ಅರಸರ ಕೈ ಈ ನಾಡಿನ ತೆಂಕಣ ಅಂಚಿನವರೆಗೆ ಚಾಚಿತ್ತೆಂಬುದಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಶಿಸ್ತಿನ ಮೇಲೆ ಹೇರಿದ ಹೆಚ್ಚಿನ ತೆರಿಗೆಗಳು 'ಶಾಮಿಲು' ಎಂದು ಲೆಕ್ಕದ ಪುಸ್ತಕಗಳನ್ನು ಸೇರಿದವು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಕೆನರಾ ಪ್ರಾಂತವು ಕಂಪೆನಿಯ ಕೈಸೇರಿತು. ಅಲ್ಲಿಗೆ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನು 1800ರ ಮೇ 31ರಂದು ಕಂದಾಯ ಮಂಡಳಿಗೆ ಬರೆದ ವರದಿಯು ನಮ್ಮ ನಾಡಿನ ಭೂ ಇತಿಹಾಸದಲ್ಲಿ ಮುಖ್ಯವಾದುದು. ಭೂಮಿಯೆಲ್ಲ ಅರಸನದೆಂಬ ನಂಬಿಕೆ ಇತರ ಕಡೆಗಳಲ್ಲಿ ಹೇಗೇ ಇರಲಿ, ಕೆನರಾದಲ್ಲಿ ಭೂಮಿಯು ಬಹು ಪುರಾತನ ಕಾಲದಿಂದಲೂ ಖಾಸಗಿ ಸ್ವತ್ತಾಗಿದೆ, ಜನರು ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೆ ಬಿಟ್ಟುಹೋಗುತ್ತಾರೆ ಎಂಬ ಅಭಿಪ್ರಾಯವನ್ನು ಅವನು ಮುಂದಿಟ್ಟನು. ಜನರ ಕೈಯಲ್ಲಿದ್ದ ಹಳೆಯ ಪತ್ರಗಳೂ ಗ್ರಾಮದ ಲೆಕ್ಕಗಳೂ ಅವನಿಗೆ ಆಧಾರವಾದವು. ನಾವು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಹೊಸ ಸರಕಾರವೊಂದು ಬಂದಾಗ ಈ ನಾಡಿನ ರೈತನನ್ನು ಕಾಪಾಡಿದ್ದು ಅವನ ಪೆಟ್ಟಿಗೆಯೊಳಗಿನ ಕಾಗದ.

ಆದರೆ ಒಡೆತನವನ್ನು ಒಪ್ಪಿಕೊಂಡ ಸರಕಾರವು ತೆರಿಗೆಯ ಭಾರವನ್ನು ಹಗುರಗೊಳಿಸಲಿಲ್ಲ. ಬೆಲೆ ಕುಸಿದ ದಿನಗಳಲ್ಲಿ ತೀರ್ವೆ ಕಟ್ಟಲಾರದ ರೈತರು 1830-31ರಲ್ಲಿ ಕೆನರಾ ಜಿಲ್ಲೆಯಲ್ಲಿ ಒಂದೆಡೆ ನೆರೆದು, ಕಂದಾಯ ಕೊಡೆವೆಂದು ಕೂತರು. 'ಕೂಟ'ಗಳೆಂದು ಹೆಸರಾದ ಈ ಚಳವಳಿಯು ಗಾಂಧಿಯುಗದ ಕರನಿರಾಕರಣೆಗಿಂತ ಒಂದು ಶತಮಾನದಷ್ಟು ಹಿಂದಿನದು. ಮುಂದೆ ಕಾಡಿನ ಸರದಿ ಬಂದಿತು. ಗುಡ್ಡದ ಕಾಡನ್ನು ಕಡಿದು ಸುಟ್ಟು ಒಂದೆರಡು ವರ್ಷ ಬಿತ್ತಿ ಮುಂದಕ್ಕೆ ಸಾಗುವ ಕುಮರಿ ಬೇಸಾಯವನ್ನು ಸರಕಾರವು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ನಿರ್ಬಂಧಿಸುತ್ತ ಬಂದಿತು. 1882ರ ಮದ್ರಾಸ್ ಅರಣ್ಯ ಕಾಯಿದೆಯ ಅನಂತರ ಮೀಸಲು ಕಾಡಿನ ಗಡಿಕಲ್ಲುಗಳು ಊರ ಬದಿಗೆ ಬಂದು ನಿಂತವು. ಕುಮರಿಯನ್ನೇ ನೆಚ್ಚಿದ್ದ ಬಡವರು ಕೂಲಿಗಳಾದರು. ಆಮೇಲೆ ಮೋಜಣಿಯ ಸಂಕೋಲೆ ಹಿಡಿದ ಅಧಿಕಾರಿಗಳು ಗದ್ದೆಗದ್ದೆಯನ್ನೂ ಅಳೆದು ಸರ್ವೇ ನಂಬ್ರ ಕೊಟ್ಟರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ರಯತ್ವಾರಿ ಬಂದೋಬಸ್ತು ಜಾರಿಗೆ ಬಂದಿತು.

ವರ್ಗದಾರನ ಕೆಳಗೆ ಒಕ್ಕಲುಗಳಿದ್ದರು. ಅವರಲ್ಲಿ ಮೂಲಗೇಣಿದಾರನ ಸ್ಥಿತಿ ಬೇರೆ, ಚಾಲಗೇಣಿದಾರನ ಸ್ಥಿತಿ ಬೇರೆ. ಮೂಲಗೇಣಿಯು ಶಾಶ್ವತವಾದುದು, ಗೊತ್ತಾದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ತಲೆತಲಾಂತರಕ್ಕೂ ಭೂಮಿ ಅವನದೇ. ವಾಯಿದೆಗೇಣಿಗೆ ಕಾಲದ ಮಿತಿಯುಂಟು. ಚಾಲಗೇಣಿಯವನಾದರೋ ಧಣಿಯ ಮರ್ಜಿಯವನು. ಅವನು ನೆಟ್ಟ ತೆಂಗು ಫಲ ಕೊಡುವ ಹೊತ್ತಿಗೆ ಗದ್ದೆ ಬೇರೊಬ್ಬನ ಪಾಲಾಗಬಹುದಿತ್ತು. ಗೇಣಿಯನ್ನು ಮುಡಿಯ ಲೆಕ್ಕದಲ್ಲಿ ಅಳೆಯುತ್ತಿದ್ದರು; ಮೂರು ಕಳಸೆ ಕೂಡಿದರೆ ಒಂದು ಮುಡಿ ಅಕ್ಕಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ ಅಂದವಾದ ಮುಡಿಗಳನ್ನು ನಾವು ಇಂದು ಹಳೆಯ ಕಾಲದ ಸೊಬಗಿನ ಗುರುತೆಂದು ಕೊಂಡಾಡುತ್ತೇವೆ. ಮಳೆ ಕೈಕೊಟ್ಟ ವರ್ಷ ಅವೇ ಮುಡಿಗಳನ್ನು ಧಣಿಯ ಚಾವಡಿಗೆ ಹೊತ್ತು ಹಾಕಿ, ತನ್ನ ಮಕ್ಕಳಿಗೆ ಗಂಜಿಯ ತಿಳಿಯನ್ನು ಬಡಿಸಿದ ಒಕ್ಕಲಿನವನ ನೆನಪನ್ನೂ ಅದರ ಜೊತೆಗೆ ಇರಿಸಿಕೊಳ್ಳುವುದು ನ್ಯಾಯ. ನಮ್ಮ ಸಂಘದ ಸದಸ್ಯರಲ್ಲಿ ಧಣಿಗಳ ಮನೆಯವರೂ ಇದ್ದಾರೆ, ಒಕ್ಕಲುಗಳ ಮನೆಯವರೂ ಇದ್ದಾರೆ. ಇತಿಹಾಸವನ್ನು ಹೇಳುವಾಗ ಒಬ್ಬರ ಪಕ್ಷವನ್ನಷ್ಟೇ ಹಿಡಿಯಲಾಗದು.

ಅಂದಿನ ಕಾಸರಗೋಡು ತಾಲೂಕಿನ ದಕ್ಷಿಣ ಭಾಗದಲ್ಲಿ, ತೇಜಸ್ವಿನಿ ಹೊಳೆಯ ದಡದ ಕಯ್ಯೂರಿನಲ್ಲಿ, ರೈತರ ಅಸಮಾಧಾನವು ಸಿಡಿದೆದ್ದಿತು. 1941ರ ಮಾರ್ಚಿಯಲ್ಲಿ ನಡೆದ ಘಟನೆಯ ಫಲವಾಗಿ ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಈ ಹೋರಾಟವನ್ನೇ ವಸ್ತುವಾಗುಳ್ಳ ನಿರಂಜನರ 'ಚಿರಸ್ಮರಣೆ' ಕಾದಂಬರಿಯು 1955ರಲ್ಲಿ ಕನ್ನಡದಲ್ಲಿ ಹೊರಬಂದಿತು. ಮಲಯಾಳ ಮಾತಾಡುವ ರೈತನ ಕಷ್ಟವನ್ನು ಕನ್ನಡದ ಲೇಖಕನು ತನ್ನದೆಂದು ಬರೆದದ್ದು ಗಡಿನಾಡಿನವರಾದ ನಮಗೆ ಹೆಮ್ಮೆಯ ಸಂಗತಿ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದರ ತೆಂಕಣ ಭಾಗ ಹೊಸದುರ್ಗ ತಾಲೂಕಾಯಿತು. ಭಾಷೆಯ ದೃಷ್ಟಿಯಿಂದ ಈ ದಿನದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಪ್ರದೇಶವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿದುದೂ, ಅದು ಕಾಗದದ ಮೇಲೆಯೇ ಉಳಿದುದೂ ಎಲ್ಲರಿಗೂ ತಿಳಿದದ್ದೇ. ಭೂಮಿಯ ದೃಷ್ಟಿಯಿಂದ ಆದ ಬದಲಾವಣೆಯನ್ನು ಗಮನಿಸಿದವರು ವಿರಳ. ಮದ್ರಾಸಿನ ರಯತ್ವಾರಿ ಪದ್ಧತಿಯಲ್ಲಿ ಬೆಳೆದ ಭೂಮಿಯು, ಜನ್ಮಿ, ಕಾಣ, ಪಾಟ್ಟಗಳ ಲೆಕ್ಕದಲ್ಲಿ ಯೋಚಿಸುವ ರಾಜ್ಯದ ಶಾಸನಸಭೆಯ ಕೈಗೆ ಬಂದಿತು.

ಕೇರಳದ ಮೊದಲ ಚುನಾಯಿತ ಸರಕಾರವು 1957ರ ಏಪ್ರಿಲಿನಲ್ಲಿ ಅಧಿಕಾರಕ್ಕೆ ಬಂದ ವಾರದೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಆಜ್ಞೆಯನ್ನು ಹೊರಡಿಸಿತು. ಅನಂತರ ಹಲವು ಅಡ್ಡಿಗಳನ್ನು ದಾಟಿ 1961ರ ಆರಂಭದಲ್ಲಿ ಕೃಷಿ ಸಂಬಂಧ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹೊಸದುರ್ಗ, ಕಾಸರಗೋಡು ತಾಲೂಕುಗಳ ರಯತ್ವಾರಿ ಭೂಮಿಗಳನ್ನು ಕುರಿತ ದಾವೆಯು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1961ರ ಡಿಸೆಂಬರ್ 5ರಂದು ಹೊರಬಿದ್ದ ತೀರ್ಪು ನಮ್ಮ ಪುಟ್ಟ ನಾಡನ್ನು ಭಾರತದ ಸಂವಿಧಾನದ ಇತಿಹಾಸದೊಳಕ್ಕೆ ಕೊಂಡೊಯ್ದಿತು. ಸಂವಿಧಾನವು 'ಎಸ್ಟೇಟು'ಗಳೆಂದು ಕರೆದ ದೊಡ್ಡ ಹಿಡುವಳಿಗಳನ್ನು ವಶಪಡಿಸಿಕೊಳ್ಳುವ ಕಾನೂನನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಆದರೆ ಈ ಎರಡು ತಾಲೂಕುಗಳ ರಯತ್ವಾರಿ ಭೂಮಿಯು ಎಸ್ಟೇಟಲ್ಲ, ಆದುದರಿಂದ ಅದಕ್ಕೆ ಆ ರಕ್ಷೆ ಸಲ್ಲದು ಎಂದಿತು ನ್ಯಾಯಾಲಯ. ಅಷ್ಟೇ ಅಲ್ಲ, ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು, ಅಡಿಕೆ ಮತ್ತು ಕರಿಮೆಣಸಿನ ತೋಟಗಳಿಗೆ ಕೊಡದಿರುವುದು ಸಮಾನತೆಯ ತತ್ತ್ವಕ್ಕೆ ವಿರೋಧವೆಂದೂ ಎತ್ತಿಹೇಳಿತು. ಹೀಗೆ ಈ ರಯತ್ವಾರಿ ಭೂಮಿಗಳ ಮಟ್ಟಿಗೆ ಆ ಕಾಯಿದೆಯು ಬಿದ್ದುಹೋಯಿತು.

ಜಯ ಬಹುಕಾಲ ನಿಲ್ಲಲಿಲ್ಲ. 1964ರ ಜೂನ್ ತಿಂಗಳಲ್ಲಿ ಸಂವಿಧಾನದ ಹದಿನೇಳನೆಯ ತಿದ್ದುಪಡಿಯು 'ಎಸ್ಟೇಟ್' ಎಂಬ ಪದದ ಅರ್ಥದೊಳಗೆ ರಯತ್ವಾರಿ ಭೂಮಿಯನ್ನೂ ಸೇರಿಸಿತು. ಕೇರಳವು 1963ರ ಭೂಸುಧಾರಣಾ ಕಾಯಿದೆಯನ್ನು ತಂದು, 1969ರಲ್ಲಿ ಅದನ್ನು ತಿದ್ದಿ ಬಿಗಿಗೊಳಿಸಿತು. 1970ರ ಜನವರಿ 1ರಿಂದ ಗೇಣಿಪದ್ಧತಿ ಕೊನೆಗೊಂಡು, ಗೇಣಿಯ ಭೂಮಿಯ ಮೇಲೆ ಧಣಿಗಿದ್ದ ಹಕ್ಕು ಸರಕಾರಕ್ಕೆ ಸೇರಿತು. ಉಳುವವನು ಭೂ ನ್ಯಾಯಮಂಡಳಿಯ ಮೂಲಕ ಪಟ್ಟಯ ಪಡೆದು ಒಡೆಯನಾದನು. ಎರಡರಿಂದ ಐದು ಮಂದಿಯ ಕುಟುಂಬಕ್ಕೆ 10 ಪ್ರಮಾಣಿತ ಎಕ್ರೆಯ ಮಿತಿ ಬಂದಿತು. ಒಡೆಯನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸು ನೆಲದ ಮೇಲೆ ಹಕ್ಕು ದೊರೆಯಿತು. ಗಡಿಯ ಆಚೆಯ ದಕ್ಷಿಣ ಕನ್ನಡದಲ್ಲಿ ಇದೇ ಬಗೆಯ ಬದಲಾವಣೆ ಆದುದು 1974ರ ಮಾರ್ಚ್ 1ರಿಂದ. ಒಂದೇ ತೋಡಿನ ಎರಡು ದಡಗಳಲ್ಲಿ, ಒಂದೇ ಬಗೆಯ ಚಾಲಗೇಣಿ ಒಕ್ಕಲುಗಳು ಬೇರೆಬೇರೆ ವರ್ಷಗಳಲ್ಲಿ, ಬೇರೆಬೇರೆ ಭಾಷೆಯ ಅರ್ಜಿಗಳನ್ನು ಹಿಡಿದು ಒಡೆಯರಾದರು.

ಇದರ ಫಲವನ್ನು ತೂಗಿ ನೋಡುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ಚಾಲಗೇಣಿಯವನ ಬೆನ್ನು ನೇರವಾಯಿತು. ಅವನ ಮಕ್ಕಳು ಶಾಲೆಗೆ ಹೋದರು. ತನ್ನದೆಂಬ ನೆಲದಲ್ಲಿ ಅವನು ನೆಟ್ಟ ಅಡಿಕೆ ಅವನದೇ ಆಯಿತು. ಇನ್ನೊಂದು ಕಡೆ, ನಾಲ್ಕು ಮುಡಿ ಗೇಣಿಯೊಂದನ್ನೇ ನೆಚ್ಚಿದ್ದ ವಿಧವೆಯರೂ ಸಣ್ಣ ದೇವಸ್ಥಾನಗಳೂ ಕೈಬರಿದಾದುದುಂಟು. ಎಲ್ಲಕ್ಕಿಂತ ಮಿಗಿಲಾಗಿ, ಗೇಣಿಯ ಚೀಟೇ ಇಲ್ಲದವರಿಗೆ ಗೇಣಿಯ ಕಾನೂನು ಏನನ್ನೂ ಕೊಡಲಿಲ್ಲ. ಕಾಡಿನಂಚಿನಲ್ಲಿ ಬುಟ್ಟಿ ಹೆಣೆದು ಬದುಕಿದ ಕೊರಗರು ಯಾರ ಒಕ್ಕಲೂ ಆಗಿರಲಿಲ್ಲ. ಆದುದರಿಂದ ಯಾವ ಗದ್ದೆಗೂ ಒಡೆಯರಾಗಲಿಲ್ಲ. ಈ ನಾಡಿನ ಅತಿ ಹಳೆಯ ನಿವಾಸಿಗಳಿಗೆ ಅತಿ ಕಡಿಮೆ ನೆಲ ಸಿಕ್ಕಿತೆಂಬುದನ್ನು ನಾವು ನಾಚಿಕೆಯಿಂದಲೇ ಬರೆಯಬೇಕಾಗಿದೆ.

ಒಡೆತನದ ಜೊತೆಗೆ ನಾಡಿನ ಚಹರೆಯೂ ಬದಲಾಯಿತು. 1949ರ ಅಳಿಯಸಂತಾನ ಕಾಯಿದೆಯಿಂದಲೂ 1975ರ ಕೇರಳದ ಕೂಡುಕುಟುಂಬ ರದ್ದತಿ ಕಾಯಿದೆಯಿಂದಲೂ ದೊಡ್ಡ ಮನೆತನಗಳ ಭೂಮಿ ಪಾಲಾಯಿತು. ಪಾಲಿಗೆ ಬಂದ ತುಂಡುಗದ್ದೆಯಲ್ಲಿ ಭತ್ತದ ಬೇಸಾಯ ಗಿಟ್ಟದಾದಾಗ ಬೈಲಿಗೆ ಅಡಿಕೆ ಇಳಿಯಿತು. ಭೂಮಿತಿಯಿಂದ ವಿನಾಯಿತಿ ಪಡೆದ ಬೆಳೆಗಳ ಪಟ್ಟಿಯಲ್ಲಿ ಚಹಾ, ಕಾಫಿ, ಕೋಕೋ, ರಬ್ಬರ್, ಏಲಕ್ಕಿ, ದಾಲ್ಚಿನ್ನಿ ಇವೆ. ನಮ್ಮ ಅಡಿಕೆಯಾಗಲಿ ಮೆಣಸಾಗಲಿ ಅಲ್ಲಿ ಸೇರಲಿಲ್ಲ. ಸೊಪ್ಪಿನ ಗುಡ್ಡಗಳ ಮೇಲೆ ರಬ್ಬರ್ ಸಾಲುಗಟ್ಟಿ ನಿಂತಿತು. ಚೀಲದ ಗೊಬ್ಬರ ಬಂದ ಮೇಲೆ ಕುಮ್ಕಿಯ ಸೊಪ್ಪನ್ನು ಕೇಳುವವರಿಲ್ಲವಾದರು. ಕರ್ಣಾಟಕದಲ್ಲಿ 1964ರ ಭೂಕಂದಾಯ ಕಾಯಿದೆಯು ಕುಮ್ಕಿ, ಬಾಣೆ, ಕಾನೆಗಳನ್ನು ಹೆಸರಿಸಿ ಉಳಿಸಿಕೊಂಡಿದೆ. ಈಚೆಯ ನಮ್ಮ ಮಕ್ಕಳಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿದೆ. ಸರಕಾರವೇ ಒಡೆಯನಾದಲ್ಲಿ ಎಲ್ಲವೂ ಸುರಕ್ಷಿತವೆಂದೂ ಹೇಳುವಂತಿಲ್ಲ. ಸರಕಾರಿ ಒಡೆತನದ ಗೇರುತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಆಕಾಶದಿಂದ ಸುರಿದ ಎಂಡೋಸಲ್ಫಾನ್, ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮೊದಲಾದ ಊರುಗಳ ತೋಡಿನ ನೀರಿಗೂ ಸುರಂಗದ ನೀರಿಗೂ ಇಳಿಯಿತು. ಗುಡ್ಡದ ನೆತ್ತಿಯಲ್ಲಿ ಮಾಡಿದ್ದು ಬೈಲಿನ ಮನೆಯನ್ನು ಮುಟ್ಟದಿರದೆಂಬ ಹಳೆಯ ತಿಳಿವನ್ನು ಮರೆತುದಕ್ಕೆ ನಮ್ಮ ಮಕ್ಕಳು ಬೆಲೆ ತೆತ್ತರು.

2008ರಲ್ಲಿ ಕೇರಳ ಸರಕಾರವು ಭತ್ತದ ಗದ್ದೆ ಮತ್ತು ಜೌಗುನೆಲಗಳ ಸಂರಕ್ಷಣೆಯ ಕಾಯಿದೆಯನ್ನು ತಂದಿತು. ಗದ್ದೆಯನ್ನು ಮಣ್ಣು ತುಂಬಿ ಮುಚ್ಚುವುದನ್ನು ಅದು ನಿಷೇಧಿಸುತ್ತದೆ. ಪಂಚಾಯತು ಮಟ್ಟದ ಸಮಿತಿಗಳು ಗದ್ದೆಗಳ ಪಟ್ಟಿಯನ್ನು ಸಿದ್ಧಪಡಿಸಬೇಕೆಂದು ವಿಧಿಸುತ್ತದೆ. 2018ರ ತಿದ್ದುಪಡಿಯು ಪಟ್ಟಿಗೆ ಸೇರದ ನೆಲಕ್ಕೆ ಶುಲ್ಕ ತೆತ್ತು ಅನುಮತಿ ಪಡೆಯುವ ದಾರಿಯನ್ನು ತೆರೆಯಿತು. ಉದ್ದೇಶವು ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಬೈಲು ಬತ್ತಿದರೆ ಬಾವಿಯೂ ಬತ್ತುವುದು. ಆದರೆ ತೋಟವಾಗಿ ದಶಕಗಳು ಸಂದ ಜಾಗವು ಪಟ್ಟಿಯಲ್ಲಿ ಗದ್ದೆಯೆಂದು ನಮೂದಾದರೆ, ಅದನ್ನು ತಿದ್ದಿಸಲು ಬೇಕಾದುದು ಮತ್ತೆ ಕಾಗದವೇ. ಆ ಕಾಗದವು ಬಹುಪಾಲು ಹಳೆಗಾಲದ ಶಾನುಭೋಗರ ಮೋಡಿಯಂತಹ ಕನ್ನಡ ಬರಹದಲ್ಲಿದೆ. ಅದನ್ನು ಪರಿಶೀಲಿಸಬೇಕಾದ ಅಧಿಕಾರಿಗೆ ಕನ್ನಡ ಬಾರದು. ಅದನ್ನು ಒಯ್ಯುವ ಮೊಮ್ಮಗನಿಗೆ ಆ ಬರಹ ತಿಳಿಯದು.

ಇಲ್ಲಿಯೇ ನೆಲದ ಪ್ರಶ್ನೆಯೂ ನುಡಿಯ ಪ್ರಶ್ನೆಯೂ ಒಂದಾಗುತ್ತವೆ. 2022ರಿಂದ ಕೇರಳದಲ್ಲಿ ಯಂತ್ರಗಳ ನೆರವಿನಿಂದ ಡಿಜಿಟಲ್ ಮರುಮೋಜಣಿ ನಡೆಯುತ್ತಿದೆ. ಕಂದಾಯ, ನೋಂದಣಿ, ಮೋಜಣಿ ಇಲಾಖೆಗಳ ಲೆಕ್ಕವನ್ನು ಒಂದುಗೂಡಿಸುವ ವ್ಯವಸ್ಥೆಯು 2024ರಲ್ಲಿ ಮೊದಲು ಜಾರಿಗೆ ಬಂದುದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿಯೇ. ಮನ್ರೋವಿನ ಕಾಲದಂತೆ ಈಗಲೂ ಹೊಸ ಲೆಕ್ಕವೊಂದು ಬರೆಯಲ್ಪಡುತ್ತಿದೆ. ಅಂದು ನಮ್ಮ ಹಿರಿಯರು ತಮ್ಮ ಪತ್ರಗಳನ್ನು ಮುಂದಿಟ್ಟು ಮಾತಾಡಿದರು. ಇಂದು ನಾವು ಸುಮ್ಮನಿದ್ದರೆ, ಬರೆದುದೇ ಗಡಿಯಾಗುವುದು.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟು. ಮೋಜಣಿಯವರು ಬರುವ ದಿನ ಗಡಿಯನ್ನು ಬಲ್ಲ ಹಿರಿಯರೊಬ್ಬರು ಮನೆಯಲ್ಲಿರಲಿ. ಅಟ್ಟದ ಪೆಟ್ಟಿಗೆಯ ಕಾಗದಗಳನ್ನು ಗೆದ್ದಲಿಗೆ ಬಿಡದೆ ಪ್ರತಿ ತೆಗೆಸಿ ಇಡಲಿ. ಹಳೆಯ ಬರಹವನ್ನು ಓದಬಲ್ಲ ಅಜ್ಜಂದಿರ ಪಕ್ಕದಲ್ಲಿ ಕಿರಿಯರು ಒಂದೆರಡು ಸಂಜೆ ಕುಳಿತುಕೊಳ್ಳಲಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕಾಸರಗೋಡಿನ ಕನ್ನಡಿಗರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಬಳಸದ ಹಕ್ಕು ಉಳದ ಗದ್ದೆಯಂತೆ. ನಾಲ್ಕು ಮಳೆ ಕಳೆಯುವುದರೊಳಗೆ ಪೊದೆ ಬೆಳೆದು ಗಡಿ ಕಾಣದಾಗುವುದು. ಬೈಲು, ಮಜಲು, ಬೆಟ್ಟು, ವರ್ಗ, ಕುಮ್ಕಿ ಎಂಬ ಪದಗಳನ್ನು ನಮ್ಮ ಮಕ್ಕಳು ಪುಸ್ತಕದಿಂದ ಕಲಿಯುವ ಮೊದಲು, ಒಂದು ಭಾನುವಾರ ಅವರನ್ನು ಕೈಹಿಡಿದು ತೋಡಿನಿಂದ ಪದವಿನವರೆಗೆ ನಡೆಸಿಕೊಂಡು ಹೋಗಿ, ಒಂದೊಂದನ್ನೂ ಅದರ ಹೆಸರು ಹಿಡಿದು ತೋರಿಸುವುದು ನಮ್ಮ ಕರ್ತವ್ಯ.